ಮೀಟರು ಜಾಣ, ಅಜ್ಜಿ ದಡ್ಡಿಯೆ?

ಮಾಗಡಿ ಸೀಮೆಯ ಹಳೆಯ ತಲೆಗಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ‘ಆಲು’ ಆಗುತ್ತದೆ, ಹಸು ‘ಅಸ’ ಆಗುತ್ತದೆ, ಲೈಟ್ ಹಾಕಪ್ಪ ಎನ್ನುವುದು ‘ಲೈಟ್ ಆಕಪ್ಪ’ ಆಗುತ್ತದೆ. ಮೊಮ್ಮಗನಿಗೆ, ಬಸ್ ಕಂಡಕ್ಟರಿಗೆ, ಸಂತೆಯ ಸೊಪ್ಪಿನವಳಿಗೆ ಇದು ಅರ್ಥವಾಗದೆ ಉಳಿದದ್ದಿಲ್ಲ. ಅರ್ಥವಾಗದಿರುವುದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ತಂದು ಗೋಡೆಗೂಡಿನಲ್ಲಿ ಇಟ್ಟುಹೋದ ಮಾತಾಡುವ ಡಬ್ಬಿಗೆ ಮಾತ್ರ. ಆ ಡಬ್ಬಿಯೊಳಗಿನ ಅಲೆಕ್ಸಾ 2019ರಲ್ಲೇ ಹಿಂದಿ ಕಲಿಯಿತು. ಸಾವನದುರ್ಗದ ಬೆಟ್ಟದ ಬುಡದ ಅಜ್ಜಿಯ ಮಾತನ್ನು ಕಲಿಯುವ ದರ್ದು ಅದಕ್ಕೆ ಬಂದಂತಿಲ್ಲ.

ಆದರೂ ಸ್ಮಾರ್ಟ್ ಎಂಬ ಬಿರುದು ಡಬ್ಬಿಗೆ, ‘ನಿಂಗಿದೆಲ್ಲ ಗೊತ್ತಾಗಲ್ಲ ಬಿಡವ್ವ’ ಎಂಬ ಸಮಾಧಾನ ಅಜ್ಜಿಗೆ. ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಮುಪ್ಪಿನವರ ಮನೆಯೊಳಗೆ ಕಾಲಿಡುವ ಯಂತ್ರವನ್ನು ಅದು ಚೆನ್ನಾಗಿ ಓಡುವ ದಿನ ಅಳೆದು ಪ್ರಯೋಜನವಿಲ್ಲ. ಅದು ಕೆಟ್ಟ ದಿನ ನಷ್ಟ ಯಾರ ತಲೆಗೆ ಬೀಳುತ್ತದೆ ಎಂದು ನೋಡಬೇಕು. ಇಲ್ಲಿಯವರೆಗೆ ಅದು ಬಿದ್ದಿರುವುದು ಮುದುಕರ ತಲೆಗೇ.

ಈ ಪಾಠ ನಮ್ಮ ಜಿಲ್ಲೆಗೆ ಹೊಸದೇನಲ್ಲ. ರಾಮನಗರದಲ್ಲಿ ಕುದಿನೀರಿನ ರೇಷ್ಮೆಗೂಡಿನಿಂದ ನೂಲೆಳೆ ಹಿಡಿದೂ ಹಿಡಿದೂ ಬೆರಳ ಗೆರೆ ಸವೆಸಿಕೊಂಡವರಿದ್ದಾರೆ. ರಾಗಿ ಹೊಲದಲ್ಲಿ, ಕಲ್ಲು ಕ್ವಾರಿಯಲ್ಲಿ ಅಂಗೈ ಜಡ್ಡುಗಟ್ಟಿಸಿಕೊಂಡವರಿದ್ದಾರೆ. ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಅವರ ಬೆರಳನ್ನು ಓದಲಾರದೆ ಹೋದಾಗ ‘ಯಂತ್ರಕ್ಕೆ ಓದಲು ಬರುವುದಿಲ್ಲ’ ಎಂದು ಯಾರೂ ಹೇಳಲಿಲ್ಲ. ‘ನಿನ್ನ ಬೆರಳು ಬರ್ತಿಲ್ಲ’ ಎಂದರು. ಆ ಒಂದು ವಾಕ್ಯದಲ್ಲಿ ಯಂತ್ರದ ತಪ್ಪು ಅಜ್ಜಿಯ ಬೆರಳಿಗೆ ವರ್ಗವಾಯಿತು. ಸೋತದ್ದು ಯಂತ್ರ, ಚೀಲ ಮಡಚಿಕೊಂಡು ವಾಪಸು ಹೊರಟದ್ದು ಆಕೆ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇಂಥದ್ದೇ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆ್ಯಸಿಡ್ ದಾಳಿಗೆ ತುತ್ತಾದವರು ಇ-ಕೆವೈಸಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲಾರದೆ ಬ್ಯಾಂಕ್ ಖಾತೆಗೂ ಎರವಾಗಿದ್ದರು. ಡಿಜಿಟಲ್ ಸೇವೆ ಎಲ್ಲರ ಕೈಗೆ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು ನ್ಯಾಯಾಲಯ. ಅಂದ ಮೇಲೆ ಎಲ್ಲರಿಗೂ ಒಗ್ಗುವ ವಿನ್ಯಾಸ ಕಂಪನಿಗಳು ಕರುಣೆಯಿಂದ ಮಾಡುವ ಉಪಕಾರವಲ್ಲ, ನಾವು ಕೇಳಿ ಪಡೆಯಬೇಕಾದ ಹಕ್ಕು.

ಈಗ ಮೀಟರಿನ ಮಾತಿಗೆ ಬರೋಣ. ಸ್ಮಾರ್ಟ್ ಹೋಮ್ ಎಂದರೆ ನಮಗೆ ಜಾಹೀರಾತಿನ ಫ್ಲಾಟು ನೆನಪಾಗುತ್ತದೆ. ಆದರೆ ಸಾಮಾನ್ಯರ ಮನೆಗೆ ಸರ್ಕಾರದ ಮೊಹರಿನೊಡನೆ ಬರುವ ಮೊದಲ ಜಾಣ ಸಾಮಾನು ವಿದ್ಯುತ್ ಮೀಟರು. 2025ರ ಆರಂಭದಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಲು ಹೊರಟಾಗ ರಾಜ್ಯದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಸಾವಿರ ರೂಪಾಯಿಯೊಳಗೆ ಸಿಗುತ್ತಿದ್ದ ಸಿಂಗಲ್ ಫೇಸ್ ಮೀಟರಿಗೆ ಐದು ಸಾವಿರದ ಹತ್ತಿರ ತೆರಬೇಕೆ ಎಂದು ಜನ ಕೇಳಿದರು. ಟೆಂಡರಿನಲ್ಲಿ ಅಕ್ರಮವಿದೆ ಎಂದು ವಿರೋಧ ಪಕ್ಷ ಆರೋಪಿಸಿತು, ಸರ್ಕಾರ ಅಲ್ಲಗಳೆಯಿತು, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆ ಗದ್ದಲದಲ್ಲಿ ಕೇಳದೇ ಹೋದ ಪ್ರಶ್ನೆ ಇನ್ನೊಂದಿತ್ತು: ಮೀಟರು ಪ್ರೀಪೇಯ್ಡ್ ಆದರೆ, ಮುಂಗಡ ಹಣ ಮುಗಿದು ಕರೆಂಟ್ ಹೋದ ರಾತ್ರಿ, ಸ್ಮಾರ್ಟ್‌ಫೋನ್ ಇಲ್ಲದ ಒಂಟಿ ಮುದುಕಿ ಅದನ್ನು ರೀಚಾರ್ಜ್ ಮಾಡುವುದು ಹೇಗೆ?

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇದೆಯಲ್ಲ, 2023ರ ಆಗಸ್ಟಿನಿಂದ ಸೊನ್ನೆ ಬಿಲ್ ಬರುತ್ತಿದೆಯಲ್ಲ ಎನ್ನಬಹುದು. ಒಂದು ಸಣ್ಣ ಲೆಕ್ಕ ಹಾಕಿ. ಆ ಯೋಜನೆಯಲ್ಲಿ ಪುಕ್ಕಟೆ ಸಿಗುವುದು ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ತುಸು ಹೆಚ್ಚುವರಿ ಅಷ್ಟೇ, 200 ಯೂನಿಟ್ ಅದರ ಮೇಲ್ಮಿತಿ. ತಿಂಗಳಿಗೆ 40 ಯೂನಿಟ್ ಸುಡುವ ಮನೆಯಲ್ಲಿ ಅಜ್ಜನ ಶ್ವಾಸಕೋಶ ಸೋತು, ಡಾಕ್ಟರು ಆಮ್ಲಜನಕದ ಕಾನ್ಸನ್‌ಟ್ರೇಟರ್ ಇಟ್ಟುಕೊಳ್ಳಿ ಎಂದರು ಅನ್ನಿ. ಸುಮಾರು 350 ವಾಟ್‌ನ ಆ ಯಂತ್ರ ದಿನಕ್ಕೆ 15 ಗಂಟೆ ಓಡಿದರೆ ತಿಂಗಳಿಗೆ 150 ಯೂನಿಟ್ ದಾಟುತ್ತದೆ. ಅಜ್ಜ ಆರೋಗ್ಯವಾಗಿದ್ದಾಗ ಉಚಿತವಿದ್ದ ಬೆಳಕಿಗೆ ಕಾಯಿಲೆ ಬಿದ್ದೊಡನೆ ದುಡ್ಡು ಕಟ್ಟಬೇಕು. 200ರ ಗಡಿ ದಾಟಿದರಂತೂ ಪೂರ್ತಿ ಬಿಲ್. ಅದರ ಮೇಲೆ ಮುಂಗಡದ ಮೀಟರೂ ಕೂತರೆ, ಖಾತೆಯಲ್ಲಿ ಹಣ ಮುಗಿಯುವುದಕ್ಕೂ ಉಸಿರು ಕಟ್ಟುವುದಕ್ಕೂ ನಡುವೆ ಉಳಿಯುವುದು ಒಂದು ಸ್ವಿಚ್ಚು. ಮನೆ ಎಷ್ಟು ಯೂನಿಟ್ ಉಂಡಿತೆಂದು ಗಳಿಗೆಗಳಿಗೆಗೂ ಗೊತ್ತಿರುವ ಮೀಟರಿಗೆ ಒಳಗೆ ಯಾರು ಮಲಗಿದ್ದಾರೆಂದು ಗೊತ್ತಿಲ್ಲ.

ಇದು ನನ್ನ ಕಲ್ಪನೆಯ ಗುಮ್ಮನಲ್ಲ. ಬ್ರಿಟನ್ನಿನಲ್ಲಿ ಬಾಕಿದಾರರ ಮನೆಗಳಿಗೆ ಬಲವಂತವಾಗಿ ಪ್ರೀಪೇಮೆಂಟ್ ಮೀಟರ್ ಕೂರಿಸಿದ್ದು 2023ರಲ್ಲಿ ದೊಡ್ಡ ಹಗರಣವಾಯಿತು. 85 ದಾಟಿದವರ ಮನೆಗೆ ಹೀಗೆ ಹಾಕುವಂತಿಲ್ಲ ಎಂದು ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ನಿಯಮ ತಂದಿತು, ಆಮೇಲೆ ಮನೆಯಲ್ಲಿ ಆಸರೆಯಿಲ್ಲದ 75 ದಾಟಿದವರಿಗೂ ಆ ರಕ್ಷಣೆ ಕೊಟ್ಟಿತು. ಅದೇ ದೇಶದಲ್ಲಿ ಹಳೆಯ ಟೆಲಿಫೋನ್ ತಂತಿಗಳನ್ನು ಕಿತ್ತು ಡಿಜಿಟಲ್ ಮಾಡುವಾಗ, ಮುದುಕರು ಕೊರಳಲ್ಲಿ ಹಾಕಿಕೊಳ್ಳುವ ತುರ್ತು ಗುಂಡಿಗಳು ಕೆಲವೆಡೆ ಮೂಕವಾದವು. ಅಂಥ ಉಪಕರಣ ನಂಬಿದವರು ಅಲ್ಲಿ ಸುಮಾರು 18 ಲಕ್ಷ. ಕೊನೆಗೆ ಬದಲಾವಣೆಯ ಗಡುವನ್ನೇ 2027ರ ಜನವರಿಗೆ ಮುಂದೂಡಬೇಕಾಯಿತು. ಅಷ್ಟು ಸಿರಿವಂತ ನಾಡು ಎಡವಿದ ಕಲ್ಲನ್ನು ನೋಡಿಯೂ ನಾವು ಅದೇ ದಾರಿಯಲ್ಲಿ ಕಣ್ಣು ಮುಚ್ಚಿ ನಡೆಯಬೇಕೆ?

ಹಾಗೆಂದು ಯಂತ್ರವೇ ಬೇಡ ಎನ್ನುವವನಲ್ಲ ನಾನು. 2007ರಲ್ಲಿ ರಾಮನಗರವೆಂದು ಹುಟ್ಟಿದ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಹೆಸರಿಗೆ ಬೆಂಗಳೂರು ಹತ್ತಿರ ಬಂತು, ಬೆಂಗಳೂರಿಗೆ ಹೋದ ಮಕ್ಕಳು ಹತ್ತಿರ ಬರಲಿಲ್ಲ. 2011ರ ಜನಗಣತಿಯಲ್ಲೇ ರಾಜ್ಯದ ನೂರು ಮಂದಿಯಲ್ಲಿ ಒಂಬತ್ತೂವರೆಯಷ್ಟು ಜನ 60 ದಾಟಿದ್ದರು, ಆ ಪಾಲು ಏರುತ್ತಲೇ ಇದೆ. ಬಚ್ಚಲಲ್ಲಿ ಜಾರಿ ಬಿದ್ದವಳ ಕೂಗು ಪಕ್ಕದ ಮನೆಗೆ ಕೇಳದಿದ್ದಾಗ ಅದನ್ನು ಮುಟ್ಟಿಸುವ ಸಾಧನ ಬೇಕೇ ಬೇಕು. ಹಾಸಿಗೆಯಡಿ ಇಟ್ಟು ನಾಡಿಬಡಿತ, ಉಸಿರಾಟ ಅಳೆಯುವ ಉಪಕರಣವನ್ನು ಬೆಂಗಳೂರಿನ ಡೋಜಿ ಕಂಪನಿಯೇ ಮಾಡುತ್ತಿದೆ. ಮೈಗೆ ಏನನ್ನೂ ಕಟ್ಟಬೇಕಿಲ್ಲ, ಒತ್ತಲು ಗುಂಡಿಯಿಲ್ಲ. ಯಂತ್ರ ಮನುಷ್ಯರಿಗೆ ಹೊಂದಿಕೊಳ್ಳುವುದು ಎಂದರೆ ಇದು.

ಮುದುಕರು ಹೊಸದನ್ನು ಕಲಿಯಲಾರರು ಎನ್ನುವುದೂ ಸುಳ್ಳು. ಓದುಬರಹ ಬಾರದವರೂ ವಾಟ್ಸ್‌ಆ್ಯಪ್‌ನಲ್ಲಿ ಮೈಕಿನ ಚಿತ್ರ ಒತ್ತಿ ಹಿಡಿದು ಮಗಳಿಗೆ ಮಾತು ಕಳಿಸುತ್ತಾರೆ. ಒತ್ತು, ಮಾತಾಡು, ಬಿಡು. ಅದರಲ್ಲಿ ಕಲಿಯಬೇಕಾದ್ದು ಅಷ್ಟೇ ಇದ್ದದ್ದರಿಂದ ಕಲಿತರು. ಹನ್ನೆರಡು ಮೆನು, ಒಂದು ಓಟಿಪಿ, ಇಂಗ್ಲಿಷಿನ ಪಾಸ್‌ವರ್ಡ್ ಎದುರಿಗಿಟ್ಟು ಸೋತರೆ ಅದು ವಯಸ್ಸಿನ ಸೋಲಲ್ಲ.

ಒಳ್ಳೆಯ ವಿನ್ಯಾಸ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಿಯೂ ಇಲ್ಲ. ಮಾಗಡಿಯಿಂದ ರಾಮನಗರದ ದಾರಿ ಹಿಡಿದು ಚನ್ನಪಟ್ಟಣಕ್ಕೆ ಬನ್ನಿ. ಹಾಲೆ ಮರವನ್ನು ಚರಕಿಯಲ್ಲಿ ತಿರುಗಿಸಿ, ಅರಗಿನ ಬಣ್ಣ ಹಚ್ಚಿ ಮಾಡಿದ ಬೊಂಬೆ ಹಲ್ಲು ಬಾರದ ಕೂಸಿಗೂ ಅರ್ಥವಾಗುತ್ತದೆ. ಚೂಪಿಲ್ಲ, ಬಣ್ಣ ದೂರಕ್ಕೂ ಕಾಣುತ್ತದೆ, ಗುಂಡಗೋ ಚೌಕವೋ ಎಂಬುದು ಬೆರಳಿಗೇ ತಿಳಿಯುತ್ತದೆ. ಪೊರೆ ಬಂದ ಕಣ್ಣಿಗೆ, ನಡುಗುವ ಕೈಗೆ ಬೇಕಾದದ್ದೂ ಇದೇ. ತುರ್ತು ಕರೆಯ ಗುಂಡಿ ಗಾಜಿನ ಪರದೆಯ ಮೇಲೆ ಯಾಕಿರಬೇಕು? ಮುಷ್ಟಿಯಲ್ಲಿ ಹಿಡಿಯಬಲ್ಲ ಒಂದು ಕೆಂಪು ಮರದ ಗುಬುಟು ಆಗಬಾರದೆ? ಭೌಗೋಳಿಕ ಗುರುತು ಪಡೆದ ಕಸುಬನ್ನು ಉಡುಗೊರೆ ಅಂಗಡಿಗಷ್ಟೇ ಕಟ್ಟಿಹಾಕಿ, ಆರೈಕೆಯ ಸಾಮಾನಿಗೆ ಮಾತ್ರ ಹೊರಗಿನ ಅಚ್ಚು ತರುತ್ತಿದ್ದೇವೆ.

ಅಚ್ಚು ಯಾರ ಮೈಯಳತೆಯದು ಎಂಬುದು ಸಣ್ಣ ಮಾತಲ್ಲ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ರಕ್ತದಲ್ಲಿ ಆಮ್ಲಜನಕ ಕುಸಿದದ್ದನ್ನು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೆ ಹೋಗುತ್ತದೆಂದು 2020ರಲ್ಲಿ ಅಮೆರಿಕದ ವೈದ್ಯರು ಕಂಡುಕೊಂಡರು. ಅಷ್ಟರಲ್ಲಿ ಅದು ಹತ್ತಾರು ವರ್ಷಗಳಿಂದ ಬಳಕೆಯಲ್ಲಿತ್ತು. ಬಿಸಿಲಲ್ಲಿ ಕಪ್ಪಾದ ನಮ್ಮ ರೈತರ ಬೆರಳಿಗೆ ಅದನ್ನು ಸಿಕ್ಕಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು, ಗುಂಡಿ ಒತ್ತಿದ ಮೇಲೆ ಬರುವವರು ಯಾರು? ಮನೆಬಾಗಿಲಿಗೆ ಹೋಗಿ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರುವಾಯಿತು. ಒಳ್ಳೆಯ ಕೆಲಸ. ಊರಿನ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಬಲ್ಲವರು ಆಶಾ ಕಾರ್ಯಕರ್ತೆಯರು. ಅವರೇ 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತು ತಮ್ಮ ಗೌರವಧನಕ್ಕಾಗಿ ಕೂಗಬೇಕಾಯಿತು. ಸೆನ್ಸರಿಗೆ ಕೋಟಿ ಇದ್ದು, ಸೆನ್ಸರಿನ ಕರೆಗೆ ಓಡಿಬರುವವಳಿಗೆ ಕಾಸಿಲ್ಲದಿದ್ದರೆ ಅದು ಉತ್ತರಿಸುವವರಿಲ್ಲದ ಕರೆಗಂಟೆ.

ಆದ್ದರಿಂದ ನನ್ನ ಬೇಡಿಕೆಗಳು ಮೂರೇ. 70 ದಾಟಿದವರು ಅಥವಾ ವೈದ್ಯಕೀಯ ಯಂತ್ರ ನಂಬಿದವರು ಇರುವ ಮನೆಯ ವಿದ್ಯುತ್ತನ್ನು ಮುಂಗಡ ಮುಗಿಯಿತೆಂದು ಕಡಿಯಬಾರದು, ಆ ಯಂತ್ರ ಸುಡುವ ಯೂನಿಟ್ಟನ್ನು ಗೃಹಜ್ಯೋತಿಯ ಲೆಕ್ಕದಿಂದ ಹೊರಗಿಡಬೇಕು. ಸರ್ಕಾರಿ ದುಡ್ಡಿನಲ್ಲಿ ಕೊಳ್ಳುವ ಯಾವುದೇ ಸಾಧನ ಆಡುಮಾತಿನ ಕನ್ನಡ ತಿಳಿಯಬೇಕು, ಕರೆಂಟ್ ಮತ್ತು ಇಂಟರ್ನೆಟ್ ಇಲ್ಲದೆಯೂ ಕೆಲವು ಗಂಟೆ ನಡೆಯಬೇಕು. ಮತ್ತು ಕರೆ ಮುಟ್ಟುವ ತುದಿಯಲ್ಲಿ ಸಂಬಳ ಪಡೆಯುವ ಮನುಷ್ಯರೊಬ್ಬರು ಇರಬೇಕು.

ಪರೀಕ್ಷೆಯ ಜಾಗವನ್ನೂ ನಾನೇ ಹೇಳುತ್ತೇನೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗದಂಥ ಬಂಡೆ ಅಡ್ಡ ನಿಂತರೆ ಮೊಬೈಲ್ ಸಿಗ್ನಲ್ಲಿಗೂ ಮರೆಯಾಗುತ್ತದೆ. ಟೆಂಡರಿಗೆ ಸಹಿ ಹಾಕುವ ಮುನ್ನ ಅಧಿಕಾರಿಗಳು ಆ ಯಂತ್ರವನ್ನು ಅದರ ಬುಡದ ಒಂದು ಹಳ್ಳಿಗೆ ತರಲಿ. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಲಿ. ಆಮೇಲೆ ಅಜ್ಜಿಯೊಬ್ಬಳನ್ನು ಒಳಗೆ ಕೂರಿಸಿ, ತಾವು ಜಗಲಿಯ ಮೇಲೆ ಕೂತು, ‘ಯಾರಾರ ಬನ್ರಪ್ಪ’ ಎಂಬ ಆಕೆಯ ಕೂಗು ಎಷ್ಟು ಹೊತ್ತಿಗೆ ಯಾರಿಗೆ ಮುಟ್ಟಿತು ಎಂದು ಬರೆದುಕೊಳ್ಳಲಿ.