ಡ್ರೈವರ್ ಕಾಣದಿದ್ದರೆ ಮೇಲ್ಗಡೆ ನೋಡಿ

ಮೇನ್‌ಫ್ರೇಮ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು 'ಅದು ಹಳೇ ಕಾಲದ್ದು ಬಿಡಪ್ಪ' ಅಂತಾರೆ. ಆದರೆ ನಮ್ಮ ಲ್ಯಾಪ್‌ಟಾಪಿನಲ್ಲಿರುವ ಲಿನಕ್ಸ್ ಕರ್ನಲ್‌ನ ಮೂಲದಲ್ಲೇ ಐಬಿಎಂ ಮೇನ್‌ಫ್ರೇಮಿನ ಭಾಗವೂ ಇದೆ. ಹೆಸರು ಎಸ್390. ಅದರ ನೆಟ್‌ವರ್ಕ್ ಡ್ರೈವರ್‌ಗಳ ಕೆ-ಕಾನ್ಫಿಗ್ ಫೈಲನ್ನು ಓಎಸ್ ಲ್ಯಾಬಿನಲ್ಲಿ ಒಂದು ದಿನ ಓದಿಸಬೇಕು ಅನ್ನೋದು ನಮ್ಮ ವಾದ.

ಯಾಕೆ ಅಂದರೆ, ಅಲ್ಲಿನ ಈಥರ್ನೆಟ್ ಕಾರ್ಡಿಗೆ 'ಕ್ಯೂಎತ್' ಅನ್ನೋ ಡ್ರೈವರ್ ಬೇಕು. ಅದು ಮೆನುವಿನಲ್ಲಿ ಕಾಣಬೇಕಾದರೆ ಈಥರ್ನೆಟ್, ಕ್ಯೂಡಿಐಒ, ಐಪಿ ಮಲ್ಟಿಕಾಸ್ಟ್ ಎಲ್ಲವೂ ಆನ್ ಆಗಿರಬೇಕು. ಒಂದು ಆಫ್ ಆದರೂ ಎರರ್ ಬರೋದಿಲ್ಲ, ಆ ಸಾಲೇ ಮಾಯ! ಕರ್ನಲ್ ಸರಿಯಾಗಿ ಬಿಲ್ಡ್ ಆಗುತ್ತೆ, ಬೂಟೂ ಆಗುತ್ತೆ, ಕಾರ್ಡ್ ಮಾತ್ರ ಸುಮ್ಮನೆ ಕೂತಿರುತ್ತೆ. ಡಾಟ್ ಕಾನ್ಫಿಗ್ ಫೈಲಿನಲ್ಲಿ ಕೈಯಾರೆ 'ವೈ' ಬರೆದರೂ ಮುಂದಿನ ಮೇಕ್‌ನಲ್ಲಿ ಅದು ಅಳಿಸಿಹೋಗುತ್ತೆ.

ನಮ್ಮ ಜಿಲ್ಲೆಯವರಿಗೆ ಇದು ಹೊಸ ಪಾಠವೇನಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಅಷ್ಟು ವರ್ಷವೂ ಕಟ್ಟೆ ಗಟ್ಟಿಯಾಗೇ ಇತ್ತು. ನೀರು ಬರಬೇಕಾಗಿದ್ದು ಹೊಸದುರ್ಗದ ಕಡೆಯಿಂದ, ವೇದಾವತಿಯ ಮೇಲ್ಗಡೆಯಿಂದ. ಡ್ರೈವರ್ ಕಾಣದಿದ್ದಾಗ ಡ್ರೈವರನ್ನೇ ಬೈಯುವ ಬದಲು ಮೇಲ್ಗಡೆ ಏನು ನಿಂತಿದೆ ಅಂತ ನೋಡಬೇಕು.

'ಡ್ರೈವರೇ ತನಗೆ ಬೇಕಾದ್ದನ್ನೆಲ್ಲ ಸೆಲೆಕ್ಟ್ ಮಾಡ್ಕೊಳ್ಳಲಿ, ನಮಗ್ಯಾಕೆ ತಲೆನೋವು?' ಅಂತ ಕೆಲವರು ಕೇಳಬಹುದು. ಸೆಲೆಕ್ಟ್ ಅನ್ನೋದು ಆಯ್ಕೆಯನ್ನು ಬಲವಂತವಾಗಿ ಆನ್ ಮಾಡುತ್ತೆ, ಆದರೆ ಆ ಆಯ್ಕೆಗೆ ಬೇಕಾದ್ದು ಇದೆಯೋ ಇಲ್ಲವೋ ನೋಡೋದಿಲ್ಲ. ಆಮೇಲೆ ಬಿಲ್ಡ್ ಇನ್ನೆಲ್ಲೋ ಮುರಿಯುತ್ತೆ. 'ಡಿಪೆಂಡ್ಸ್ ಆನ್' ಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೆ. ಕ್ಯೂಎತ್‌ನ ಲೇಯರ್ 2 ಭಾಗ ಬ್ರಿಡ್ಜ್ ಇಲ್ಲದೆಯೂ ನಡೆಯುತ್ತೆ. ಆದರೆ ಬ್ರಿಡ್ಜ್ ಮಾಡ್ಯೂಲ್ ಆಗಿದ್ದರೆ ಇದೂ ಮಾಡ್ಯೂಲೇ ಆಗಬೇಕು. ಕರ್ನಲ್ ಒಳಗೇ ಸೇರಿಹೋದ ಕೋಡ್, ಆಮೇಲೆ ಲೋಡ್ ಆಗೋ ಮಾಡ್ಯೂಲಿನ ಫಂಕ್ಷನ್ನನ್ನು ಹೆಸರು ಹಿಡಿದು ಕರೆಯೋಕಾಗಲ್ಲ. ಲಿಂಕಿಂಗ್ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ನೋಟ್ಸ್ ಹೇಳುತ್ತೆ?

ಇದಕ್ಕೆ ಮೇನ್‌ಫ್ರೇಮ್ ಬೇಕಿಲ್ಲ. ಉಬುಂಟುನಲ್ಲಿ ಎಸ್390 ಕ್ರಾಸ್ ಕಂಪೈಲರ್ ಹಾಕಿಕೊಳ್ಳಿ, ಮೆನುಕಾನ್ಫಿಗ್ ತೆರೆಯಿರಿ, ಐಪಿ ಮಲ್ಟಿಕಾಸ್ಟ್ ಆಫ್ ಮಾಡಿ. ಆಮೇಲೆ ಸ್ಲ್ಯಾಶ್ ಒತ್ತಿ ಕ್ಯೂಎತ್ ಹುಡುಕಿ. ಯಾವುದು ತಡೆದಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಕಾರ್ಡಿಲ್ಲದೆ ಡ್ರೈವರ್ ಓಡಿಸಿ ನೋಡೋಕಾಗಲ್ಲ, ನಿಜ. ಓದೋಕಂತೂ ಆಗುತ್ತೆ.

ಕರ್ನಲ್ ಕೆಲಸ ಬೆಂಗಳೂರು ಸೇರಿದವರಿಗೆ ಮಾತ್ರ ಅನ್ನೋ ಭಾವನೆ ನಮ್ಮ ಕ್ಯಾಂಪಸ್ಸಿನಲ್ಲಿ ಗಟ್ಟಿಯಾಗಿದೆ. ಹೊಳಲ್ಕೆರೆಯಿಂದ ದಿನಾ ಬಸ್ಸಲ್ಲಿ ಓಡಾಡೋರೂ ಒಂದು ಹಳೇ ಲ್ಯಾಪ್‌ಟಾಪಿನಲ್ಲಿ ಇದನ್ನು ಮಾಡಬಹುದು. ಬೇಕಾಗಿರೋದು ಒಂದು ಲ್ಯಾಬ್ ಅವಧಿ. ಅದನ್ನು ಈ ಸೆಮಿಸ್ಟರಿನಲ್ಲೇ ಕೇಳೋಣ.