ಸಾಲ ಹೋಳಿಗೆಯಿಂದ ಬಂದಿದ್ದಲ್ಲ

ರೈತರ ಸಭೆಗೆ ಹೋದರೆ ಒಂದು ಮಾತು ತಪ್ಪದೆ ಕೇಳಬೇಕಾಗುತ್ತದೆ. 'ನೀವು ವರ್ಷವೆಲ್ಲ ಹಬ್ಬ, ಜಾತ್ರೆ ಅಂತ ದುಡ್ಡು ಕಳೀತೀರಿ, ಅದಕ್ಕೇ ನಿಮ್ಮ ಸಾಲ ತೀರೋದಿಲ್ಲ' ಅಂತ ವೇದಿಕೆ ಮೇಲೆ ಕೂತವರು ಹೇಳ್ತಾರೆ. ಕೆಳಗೆ ಕೂತ ನಾವೂ ಹೌದೌದು ಅಂತ ತಲೆ ಆಡಿಸ್ತೀವಿ. ನನ್ನ ತಕರಾರು ಈ ತಲೆ ಆಡಿಸೋದರ ಮೇಲೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಖುಷ್ಕಿ ರೈತನ ಮನೆ ಲೆಕ್ಕ ತೆಗೆದು ನೋಡಿ. ಯುಗಾದಿ, ಬಸವ ಜಯಂತಿ, ಕಾರಹುಣ್ಣಿಮೆ, ನಾಗರಪಂಚಮಿ, ಗೌರಿ-ಗಣೇಶ, ಹಿರಿಯರ ಹಬ್ಬ, ಮಾರ್ನಮಿ, ದೀಪಾವಳಿ, ಸಂಕ್ರಾಂತಿ, ಶಿವರಾತ್ರಿ. ಇಷ್ಟನ್ನೂ ಮನೆಮಟ್ಟಿಗೆ ಮಾಡಿದರೆ ಎಷ್ಟು ಖರ್ಚು? ಬೇಳೆ ನಮ್ಮ ಹೊಲದ ತೊಗರಿಯದು. ಬೆಲ್ಲ ಕೊಳ್ಳಬೇಕು, ಮಕ್ಕಳಿಗೆ ಬಟ್ಟೆ ತರಬೇಕು. ಅದೇ ಒಂದು ಬೋರು ಕೊರೆಸಿ ನೀರು ಬೀಳದೆ ಹೋದರೆ ಒಂದೇ ರಾತ್ರಿಗೆ ಲಕ್ಷ ದಾಟುತ್ತದೆ. ಆ ದುಡ್ಡಲ್ಲಿ ಎಷ್ಟು ವರ್ಷದ ಹೋಳಿಗೆ ಬೇಯಿಸಬಹುದು, ನೀವೇ ಗುಣಿಸಿ. ಹೊಲ ಮಾರಿದವರನ್ನು ಕೇಳಿದ್ದೇನೆ. ಬೋರು ಅಂದರು, ಆಸ್ಪತ್ರೆ ಅಂದರು, ಮಗಳ ಮದುವೆ ಅಂದರು, ಮಗನ ಕಾಲೇಜು ಫೀಸು ಅಂದರು. ಹೋಳಿಗೆ ತಿಂದು ಹೊಲ ಮಾರಿದೆ ಅಂದವರು ಒಬ್ಬರೂ ಸಿಗಲಿಲ್ಲ.

ಹಬ್ಬಗಳನ್ನು ಹಿರಿಯರು ಸುಮ್ಮನೆ ಸಾಲಾಗಿ ಇಟ್ಟವರಲ್ಲ. ಯುಗಾದಿಗೆ ಹೊನ್ನೇರು ಕಟ್ಟಿ ನಾಲ್ಕು ಸಾಲು ಹೊಡೆದರೆ ನೇಗಿಲು, ನೊಗ, ಮಿಣಿ ಎಲ್ಲ ಸರಿಯಾಗಿವೆಯೋ ಇಲ್ಲವೋ ಗೊತ್ತಾಗುತ್ತಿತ್ತು. ಮಾರನೇ ದಿನ ಸಂಜೆ ಚಂದ್ರನ್ನ ನೋಡಿ, ಅವನ ಯಾವ ಕೊಂಬು ಮೇಲಿದೆ ಅಂತ ಮಳೆ-ಬೆಳೆ ಮಾತಾಡಿ, ದೊಡ್ಡವರ ಕಾಲಿಗೆ ಬೀಳೋದು. ಮಳೆ ಕೊಂಬಿನ ಮಾತು ಕೇಳಲಿಕ್ಕಿಲ್ಲ, ಆದರೆ ಆ ನೆಪದಲ್ಲಿ ಜಗಳವಾಡಿದ ಅಣ್ಣತಮ್ಮಂದಿರು ಒಂದು ಸಲ ಮುಖ ನೋಡ್ತಿದ್ದರು. ಕಾರಹುಣ್ಣಿಮೆ ಎತ್ತಿನ ಹಬ್ಬ. ಮುಂಗಾರಿನ ಉಳುಮೆಯಲ್ಲಿ ಹೆಗಲು ಸವೆಸಿಕೊಂಡ ಎತ್ತಿಗೆ ಬಿತ್ತನೆಯ ಹೊತ್ತಿಗೆ ಒಂದು ದಿನ ಬಿಡುವು. ಆರಿದ್ರೆ, ಪುನರ್ವಸು ಮಳೆಯಲ್ಲಿ ಶೇಂಗಾ ಬಿತ್ತೋ ಗಡಿಬಿಡಿ ಇರುವಾಗ ನೋಡಿ, ದೊಡ್ಡ ಹಬ್ಬ ಒಂದೂ ಇಲ್ಲ. ಬಾಬಯ್ಯನ ಹಬ್ಬ ಒಂದು ಮಾತ್ರ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರೀತಾ ಎಲ್ಲ ಮಳೆಯನ್ನೂ ಕಂಡು ಬರುತ್ತದೆ, ಅದರ ದಾರಿಯೇ ಬೇರೆ. ದೀಪಾವಳಿಗೆ ತಿಪ್ಪೆ ಮೇಲೂ ದೀಪ ಇಡ್ತೀವಿ. ಗೊಬ್ಬರದ ಬೆಲೆ ಹೇಳೋಕೆ ಇದಕ್ಕಿಂತ ಬೇರೆ ತರಬೇತಿ ಬೇಕೆ? ಈಗ ಎತ್ತಿಲ್ಲದ ಮನೆಯಲ್ಲಿ ತಿಪ್ಪೆಯೂ ಇಲ್ಲ, ಟ್ರ್ಯಾಕ್ಟರಿಗೆ ಹಾರ ಹಾಕಿ ಮುಗಿಸ್ತಾರೆ. ಅದು ಬೇರೆ ದುಃಖ.

ನಾನು ಮುಖ್ಯವಾಗಿ ಹೇಳಬೇಕೆಂದಿರೋದು ಮುಯ್ಯಾಳಿನ ವಿಷಯ. ಮೊದಲು ಐದಾರು ಮನೆಯವರು ಸೇರಿ ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ ಅಂತ ಶೇಂಗಾ ಕೀಳ್ತಿದ್ದೆವು. ಕೂಲಿ ಇಲ್ಲ, ಊಟ ಮಾತ್ರ. ಆ ಐದಾರು ಮನೆ ಯಾವುವು ಅಂದರೆ ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗಿ ಉಣ್ಣುತ್ತಿದ್ದ ಮನೆಗಳೇ. ಹೋಳಿಗೆ ಹಂಚಿದ ಕಡೆಗೇ ಮುಯ್ಯಿ ನಡೀತಿತ್ತು. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬ ಮಾಡದಿದ್ದರೆ ಪಕ್ಕದ ಮನೆಯಿಂದ ಎಡೆ ಹೋಗ್ತಿತ್ತು. ಅಂಥ ಮನೆಯವರು ನಿಮ್ಮ ಹೊಲಕ್ಕೆ ಬರೋಲ್ಲ ಅಂತಾರೆಯೇ? ಈಗ ಹಬ್ಬದ ದಿನ ಬಾಗಿಲು ಹಾಕಿಕೊಂಡು ಟಿ.ವಿ. ಮುಂದೆ ಉಣ್ತೀವಿ. ಮುಯ್ಯಾಳೂ ಹೋದರು. ಶೇಂಗಾ ಕೀಳೋಕೆ ಬೇರೆ ಊರಿಂದ ಟೆಂಪೋದಲ್ಲಿ ಆಳು ತರಿಸಿ, ಬೆಳೆದ ಅರ್ಧ ಅವರಿಗೆ ಕೊಟ್ಟು, 'ಕೃಷಿ ಲಾಭ ಇಲ್ಲ' ಅಂತೀವಿ. ಹಬ್ಬದ ಖರ್ಚು ಉಳಿಸಿದ್ದಕ್ಕಿಂತ ಕೂಲಿಗೆ ಹೋದದ್ದು ಹೆಚ್ಚಲ್ಲವೇ?

ಇನ್ನೊಂದು ಮಾತು. ಸಾಲ ಮೈಮೇಲೆ ಬಂದವನು ಮೊದಲು ಬಿಡೋದು ಹಬ್ಬಕ್ಕೆ ಬಂಧುಗಳ ಮನೆಗೆ ಹೋಗೋದನ್ನು. 'ಕೆಲಸ ಐತೆ, ಮುಂದಿನ ಸಲ ಬರ್ತೀನಿ' ಅಂತಾನೆ. ಬರಿಗೈಯಲ್ಲಿ ಹೋಗೋಕೆ ನಾಚಿಕೆ ಅವನಿಗೆ. ಎರಡು ಹಬ್ಬಕ್ಕೆ ಬರದವನನ್ನು ಯಾರೂ ವಿಚಾರಿಸದಿದ್ದರೆ ಅವನ ಕಷ್ಟ ಅವನ ಹೊಟ್ಟೆಯೊಳಗೇ ಉಳಿಯುತ್ತದೆ. ಆಮೇಲೆ ಯಾವುದೋ ಬೆಳಿಗ್ಗೆ ಸುದ್ದಿ ಬಂದಾಗ 'ನಮಗೆ ಹೇಳಬಾರದಿತ್ತಾ' ಅಂತ ಅಳ್ತೀವಿ. 2023ರಲ್ಲಿ ಮಳೆ ಕೈಕೊಟ್ಟು ನಮ್ಮ ತಾಲ್ಲೂಕುಗಳೆಲ್ಲ ಬರಪೀಡಿತ ಅಂತ ಘೋಷಣೆ ಆದಾಗ, ಆ ವರ್ಷ ದೀಪಾವಳಿ ಬೇಡ ಅಂದವರು ಇದ್ದರು. ಬರದ ವರ್ಷವೇ ಹಬ್ಬ ಬೇಕು ಅಂತ ನನ್ನ ವಾದ. ಹೋಳಿಗೆ ಆಗದಿದ್ದರೆ ಹುಗ್ಗಿ ಆಗಲಿ, ನಾಲ್ಕು ಮನೆಯವರು ಒಂದೇ ಒಲೆ ಹಚ್ಚಲಿ.

ಹಬ್ಬದ ಖರ್ಚು ಏರಿದ್ದು ಎಲ್ಲಿ ಅಂತಲೂ ನೋಡಬೇಕಲ್ಲ. ನಾವು ಶೇಂಗಾ ಬೆಳೆಯೋ ಜನ. ಹಬ್ಬದ ದಿನ ನಮ್ಮ ಬಾಣಲೆಯಲ್ಲಿ ಕಾಯೋದು ಅಂಗಡಿಯ ಪಾಮೆಣ್ಣೆ ಪ್ಯಾಕೆಟ್ಟು! ಒಂದು ಕ್ವಿಂಟಾಲ್ ಶೇಂಗಾ ಸುಲಿದರೆ 65-70 ಕಿಲೋ ಬೀಜ. ಗಾಣಕ್ಕೆ ಹಾಕಿದರೆ 25 ಕಿಲೋ ಎಣ್ಣೆಗೆ ಮೋಸವಿಲ್ಲ, ಹಿಂಡಿ ದನಕ್ಕೆ. ವರ್ಷದ ಹಬ್ಬಗಳೆಲ್ಲ ಅದರಲ್ಲಿ ಕಳೆದು ಒಗ್ಗರಣೆಗೂ ಉಳಿಯುತ್ತದೆ. 2024-25ರಲ್ಲಿ ಸರ್ಕಾರದ ಬೆಂಬಲ ಬೆಲೆಯೇ ಕ್ವಿಂಟಾಲಿಗೆ 6,783 ರೂಪಾಯಿ, ಅಷ್ಟೂ ಕೈಗೆ ಸಿಗದೆ ಮಾರಿದವರು ಎಷ್ಟೋ ಮಂದಿ. ಮಾರಿದ ಅದೇ ಶೇಂಗಾ ಬೀಜ, ಹೊಸದುರ್ಗ-ಹೊಳಲ್ಕೆರೆ ಕಡೆಯವರಿಗಾದರೆ ತಮ್ಮ ತೋಟದ ಕೊಬ್ಬರಿಯೂ ಸೇರಿ, ಸಂಕ್ರಾಂತಿಗೆ ಎಳ್ಳು-ಬೆಲ್ಲದ ಪ್ಯಾಕೆಟ್ಟಾಗಿ ಪೇಟೆಯಿಂದ ವಾಪಸು ಬರುತ್ತದೆ. ಕೊಬ್ಬರಿ ಹೆಚ್ಚೋಕೆ ಹೆಂಗಸರಿಗೆ ಪುರುಸೊತ್ತಿಲ್ಲ ಅಂತಾರೆ. ಗಂಡಸರು ಕಟ್ಟೆ ಮೇಲೆ ಕೂತಿರ್ತಾರಲ್ಲ, ಅವರ ಕೈಗೆ ಒಂದು ಚಾಕು ಕೊಡಿ.

ಊರದೇವಿಯ ಮಾರಿಹಬ್ಬದಲ್ಲಿ ಮಾತ್ರ ವೇದಿಕೆಯವರ ಮಾತು ಸುಳ್ಳಲ್ಲ. ಅವರ ಮನೆಯಲ್ಲಿ ಎರಡು ಮರಿ ಕಡಿದರು, ನಮ್ಮನೆಯಲ್ಲಿ ನಾಲ್ಕು ಆಗಲಿ ಅನ್ನೋ ಮೇಲಾಟ, ಬೀಗರ ಹಿಂದೆ ಬೀಗರ ಬೀಗರು, ಮೈಕು, ಫ್ಲೆಕ್ಸು. ಕಿವಿಯೋಲೆ ಅಡ ಇಟ್ಟವರೂ ಉಂಟು. ಅದಕ್ಕೆ ಹಬ್ಬ ನಿಲ್ಲಿಸಬೇಕಿಲ್ಲ. ಅಕ್ಕಪಕ್ಕದ ನಾಲ್ಕೂರು ಒಂದೇ ದಿನ ಮಾಡಿದರೆ ಬೀಗರು ತಾವಾಗೇ ಹಂಚಿಹೋಗ್ತಾರೆ! ನಾಲ್ಕೂರಿನ ಗೌಡರು, ಯಜಮಾನರು ಒಂದು ಸಂಜೆ ಕೂತರೆ ಸಾಕು. ಫ್ಲೆಕ್ಸಿನ ದುಡ್ಡು ಕೆರೆ ತೂಬಿಗೆ ಹೋಗಲಿ. ನಾಯಕನಹಟ್ಟಿ ತೇರಿಗೆ ಫಾಲ್ಗುಣದಲ್ಲಿ ನಮ್ಮ ಕಡೆಯಿಂದಲೂ ಜನ ಹೋಗ್ತಾರೆ. ಆ ತಿಪ್ಪೇರುದ್ರಸ್ವಾಮಿ ಜನರ ನೆನಪಿನಲ್ಲಿ ಉಳಿದಿರೋದು ಕೆರೆ ಕಟ್ಟಿಸಿದವರು ಅಂತ, ಕೆಲಸ ಮಾಡಿದವನಿಗೆ ಮಾಡಿದಷ್ಟು ಕೂಲಿ ಕೊಡಿಸಿದವರು ಅಂತ.

ಮಾರಿಕಣಿವೆ 1933ರಲ್ಲಿ ತುಂಬಿ ಹರಿದಿದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಕ್ಕೆ. ಆಗ ಬುತ್ತಿ ಕಟ್ಟಿಕೊಂಡು, ಮುದುಕರು ಮಕ್ಕಳನ್ನು ಕರಕೊಂಡು ಜನ ಹೋದರಲ್ಲ, ಅದು ಯಾವ ಪಂಚಾಂಗದಲ್ಲಿತ್ತು? ಫ್ಲೆಕ್ಸಿಲ್ಲ, ಮರಿ ಇಲ್ಲ. ರೊಟ್ಟಿ, ಚಟ್ನಿಪುಡಿ, ಮೊಸರನ್ನ. ಅಂಥ ಹಬ್ಬಕ್ಕೆ ಯಾವ ಬ್ಯಾಂಕಿನವರೂ ಬೈಯ್ಯೋಲ್ಲ.

ಬೆಂಗಳೂರಿಗೆ ದುಡಿಯೋಕೆ ಹೋದ ಮಕ್ಕಳು ಯುಗಾದಿಗೋ ದೀಪಾವಳಿಗೋ ಬಂದು, ಉಂಡು, ಮಾರನೇ ದಿನ ಬಸ್ಸು ಹತ್ತುತ್ತಾರೆ. ದೀಪಾವಳಿ ಆಸುಪಾಸಿನಲ್ಲೇ ಶೇಂಗಾ ಕೀಳೋ ಕೆಲಸ ಇರುತ್ತದೆ. ಎರಡು ದಿನ ರಜೆ ಹೆಚ್ಚಿಗೆ ಹಾಕಿ ಬರೋಕೆ ಈಗಲೇ ಹೇಳಿಡಿ. ಅವರ ಗೆಳೆಯರನ್ನೂ ಕರೆತರಲಿ. ಪಾಡ್ಯ ಮುಗಿದ ಮಾರನೇ ದಿನ ಯಾರ ಹೊಲ, ಅದರ ಮಾರನೇ ದಿನ ಯಾರ ಹೊಲ ಅಂತ ಹಬ್ಬದ ಪಂಕ್ತಿಯಲ್ಲೇ ತೀರ್ಮಾನ ಆಗಲಿ. ಬುತ್ತಿಗೆ ಹೆಂಗೂ ಉಳಿದ ಹೋಳಿಗೆ ಇರುತ್ತದೆ.