ದುಬಾರಿ ಎಂದು ಕೈಬಿಡಬೇಕೆ?

ಜೀನ್ ಚಿಕಿತ್ಸೆ ಸಿರಿವಂತರ ಸೊತ್ತು, ಅದಕ್ಕೆ ಸರ್ಕಾರ ದುಡ್ಡು ಸುರಿಯಬಾರದು ಎಂಬ ಲೇಖನವೊಂದರ ವಾದವನ್ನು ನಾನು ಖಂಡಿತ ಒಪ್ಪಲಾರೆ. ಕಾರ್-ಟಿ ಚಿಕಿತ್ಸೆಯನ್ನೇ ನೋಡಿ. ರೋಗಿಯ ರಕ್ತದಿಂದ ಟಿ-ಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶದ ಮೇಲಿನ ಸಿಡಿ19 ಗುರುತು ಹಿಡಿಯುವ ಜೀನ್ ಸೇರಿಸಿ, ಬೆಳೆಸಿ, ಮರಳಿ ಅವರ ಮೈಗೇ ಏರಿಸುತ್ತಾರೆ. ಅಮೆರಿಕದಲ್ಲಿ ಇದಕ್ಕೆ 3 ಕೋಟಿ ರೂಪಾಯಿಗೂ ಮೇಲೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಂಶೋಧಕರು ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಖರ್ಚು ಸುಮಾರು ಹತ್ತನೇ ಒಂದು ಪಾಲು. ಸಾರ್ವಜನಿಕ ಸಂಸ್ಥೆಗಳ ದುಡಿಮೆ ಇಲ್ಲದೆ ಆ ಇಳಿಕೆ ಎಲ್ಲಿಂದ ಬರುತ್ತಿತ್ತು?

ಆ ಪಾಲೂ ಹೊಲ ಮಾರಿಸುವಷ್ಟು ದೊಡ್ಡದೇ, ನಿಜ. ಅದಕ್ಕೆ ಸರ್ಕಾರಿ ವಿಮೆಯಲ್ಲಿ ಜಾಗ ಕೇಳೋಣ. ಪ್ರಯೋಗಾಲಯಕ್ಕೆ ಬೀಗ ಜಡಿಯಿರಿ ಎನ್ನುವುದು ಯಾವ ನ್ಯಾಯ? ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೂ 2023ರಲ್ಲಿ ಜೀನ್ ತಿದ್ದುವ ಚಿಕಿತ್ಸೆ ಬಂದಿದೆ. ನಮ್ಮಲ್ಲಿ ಆ ನೋವು ಉಣ್ಣುತ್ತಿರುವವರಲ್ಲಿ ಹೆಚ್ಚಿನವರು ಸಿರಿವಂತರಲ್ಲ, ಕಾಡಂಚಿನ ಬುಡಕಟ್ಟು ಜನ.